ಗೆಳೆಯನಿಗೊಂದು ಪತ್ರ: ದೊರೆಯ ಭಾನುವಾರಗಳ ಸಂಗೀತ

ಪ್ರಿಯ ಗೆಳೆಯ,

ಫ್ರೆಂಚ್ ಆಸ್ಥಾನದ ಬರೋಕ್ (ಸುಮಾರು ಹದಿನೇಳು-ಹದಿನೆಂಟನೆಯ ಶತಮಾನದ ಶೈಲಿಯ) ಸಂಗೀತವನ್ನು ಎಲ್ಲಿಂದ ಕೇಳತೊಡಗಬೇಕೆಂದು ವಿಚಾರಿಸಿದ್ದೆಯಲ್ಲ, ಆ ಆಸ್ಥಾನದ ಸಂಗೀತಕಾರ ಲುಲ್ಲಿಯ ವೈಭವದ ಒಪೆರಾಗಳನ್ನು (ಸಂಗೀತ ನಾಟಕಗಳನ್ನು) ಸದ್ಯಕ್ಕೆ ಬದಿಗಿಟ್ಟು, ಅಲ್ಲಿನ ಇನ್ನೊಬ್ಬ ಸಂಗೀತಕಾರ ಫ್ರಾನ್ಸ್ವಾ ಕೂಪ್ರಾಂನ ‘ಕಾನ್ಸೆರ್ ರ್ವಾಯೊ’ ಎಂಬ ನಾಲ್ಕು ಕೃತಿಗುಚ್ಛಗಳನ್ನು ಕೇಳು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಮುಪ್ಪಿನಲ್ಲಿದ್ದಾಗ, 1714 ಮತ್ತು 1715ರಲ್ಲಿ, ಹೆಚ್ಚುಕಡಿಮೆ ಪ್ರತಿ ಭಾನುವಾರ ಅವನೆದುರು ನಡೆಯುತ್ತಿದ್ದ ಸಣ್ಣ ಕಛೇರಿಗಳಿಗಾಗಿ ಇವು ಹುಟ್ಟಿದವು. ಪಿಟೀಲು, ಓಬೋ ಮತ್ತು ಬಸೂನ್ (ಊದುವ ವಾದ್ಯಗಳು), ವಿಯೋಲ್ (ಕಮಾನಿನಿಂದ ನುಡಿಸುವ ಹಳೆಯ ತಂತಿವಾದ್ಯ) ನುಡಿಸುವ ಕೆಲವೇ ಕಲಾವಿದರ ಜೊತೆ ಕೂಪ್ರಾಂ ತಾನೇ ಹಾರ್ಪ್ಸಿಕಾರ್ಡಿಗೆ (ತಂತಿಗಳನ್ನು ಮೀಟುವ, ಪಿಯಾನೊದಂಥ ಕೀಲಿಮಣೆ ವಾದ್ಯಕ್ಕೆ) ಕೂರುತ್ತಿದ್ದ. 1715ರ ಸೆಪ್ಟೆಂಬರ್ 1ರಂದು ದೊರೆ ತೀರಿಕೊಂಡ. ಕೃತಿಗಳು ಅಚ್ಚಾದದ್ದು 1722ರಲ್ಲಿ.

ಆ ಮುದ್ರಿತ ಪುಟಗಳಲ್ಲಿ ಬಹುತೇಕ ಕಡೆ ಮೇಲೊಂದು ರಾಗದ ಸಾಲು, ಕೆಳಗೊಂದು ಮಂದ್ರದ ಸಾಲು ಇವೆಯೇ ಹೊರತು ಯಾವ ಸಾಲನ್ನು ಯಾವ ವಾದ್ಯ ನುಡಿಸಬೇಕೆಂಬ ಕಟ್ಟುಪಾಡಿಲ್ಲ. ಹಾರ್ಪ್ಸಿಕಾರ್ಡ್ ಒಂದೇ ಸಾಕು, ಕೊಳಲು, ಪಿಟೀಲು, ಓಬೋ, ವಿಯೋಲ್, ಬಸೂನ್‌ಗಳಿಗೂ ಇವು ಒಪ್ಪುತ್ತವೆ ಎಂದು ಕೂಪ್ರಾಂನೇ ಮುನ್ನುಡಿಯಲ್ಲಿ ಹೇಳಿದ್ದಾನೆ. ಆದುದರಿಂದಲೇ ಒಂದು ಧ್ವನಿಮುದ್ರಣ ಇನ್ನೊಂದರಂತಿರುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಕಾರಣವೂ ಉಂಟು: ಸಮಾನ ಅವಧಿಯವೆಂದು ಬರೆದ ಸ್ವರಜೋಡಿಗಳಲ್ಲಿ ಮೊದಲನೆಯದನ್ನು ತುಸು ಎಳೆದು, ಎರಡನೆಯದನ್ನು ಮೊಟಕುಗೊಳಿಸಿ ನುಡಿಸುವುದು ಫ್ರೆಂಚರ ರೂಢಿಯಾಗಿತ್ತು. ತಾವು ಬರೆಯುವುದೇ ಬೇರೆ, ನುಡಿಸುವುದೇ ಬೇರೆ ಎಂದು ಕೂಪ್ರಾಂ 1716ರ ತನ್ನ ಹಾರ್ಪ್ಸಿಕಾರ್ಡ್ ಪಾಠಗ್ರಂಥದಲ್ಲಿ ಒಪ್ಪಿಕೊಂಡಿದ್ದಾನೆ. ಸ್ವರಲಿಪಿಯನ್ನಷ್ಟೇ ನೋಡಿ ಗಮಕವಿಲ್ಲದೆ ಹಾಡಿದ ಕೀರ್ತನೆ ನಮಗೆ ಹೇಗೆ ಕೇಳಿಸೀತೋ, ಈ ಎಳೆತವಿಲ್ಲದ ಕೂಪ್ರಾಂ ಕೂಡ ಹಾಗೆಯೇ ಸಪ್ಪೆ.

ಶ್ರುತಿಯನ್ನೂ ಗಮನಿಸು. ಈ ಸಂಗೀತವನ್ನು ಹಳೆಯ ವಾದ್ಯಗಳಲ್ಲಿ ನುಡಿಸುವ ಅನೇಕರು ಶ್ರುತಿಗೆ ಆಧಾರವಾದ ‘ಎ’ ಸ್ವರವನ್ನು ಇಂದಿನ 440 ಹರ್ಟ್ಜ್ ಬದಲು 392ಕ್ಕೆ, ಎಂದರೆ ಒಂದು ಪೂರ್ಣ ಸ್ವರದಷ್ಟು ಕೆಳಗೆ, ಶ್ರುತಿ ಮಾಡಿಕೊಳ್ಳುತ್ತಾರೆ. ತಂತಿಗಳ ಬಿಗುವು ಕಡಿಮೆಯಾಗಿ ನಾದ ಮೃದುವಾಗುತ್ತದೆ.

ಮೊದಲು ವಿಯೋಲ್ ವಾದಕ ಜೋರ್ದಿ ಸವಾಲ್ ಮತ್ತು ಅವರ ‘ಲ ಕಾನ್ಸೆರ್ ದೆ ನಾಸಿಯೋಂ’ ವೃಂದದ ಮುದ್ರಣವನ್ನು ಕೇಳು. ವಾದ್ಯಗಳ ಬಣ್ಣ ಬದಲಾಗುತ್ತಾ ಹೋಗುವುದರಿಂದ ಹೊಸಬನಿಗೆ ಪ್ರತಿ ನೃತ್ಯದ ಸ್ವಭಾವವೂ ಬೇಗ ಮನವರಿಕೆಯಾಗುತ್ತದೆ. ಬಳಿಕ ಹಾರ್ಪ್ಸಿಕಾರ್ಡ್ ಒಂದರಲ್ಲೇ ನುಡಿಸಿದ್ದು ಸಿಕ್ಕರೆ ಹುಡುಕಿ ಕೇಳು. ಮೂರನೆಯ ಗುಚ್ಛದ ಸಾರಬಾಂದ್ ಎಂಬ ನಿಧಾನಗತಿಯ ನೃತ್ಯದಲ್ಲಿ ಸ್ವರಗಳು ಒಂದರ ಮೇಲೊಂದು ಒರಗಿ ಬಿಡಿಸಿಕೊಳ್ಳುವ ಬಗೆ, ನನ್ನ ಮಟ್ಟಿಗೆ, ಕೂಪ್ರಾಂ ಬರೆದುದರಲ್ಲೇ ಅತ್ಯಂತ ಘನವಾದದ್ದು. ನಾಲ್ಕನೆಯ ಗುಚ್ಛದ ಕೊನೆಯ ನೃತ್ಯವಾದ ಫೋರ್ಲಾನ್ ಇದಕ್ಕೆ ತದ್ವಿರುದ್ಧ, ಬಲು ಲವಲವಿಕೆಯದು. ಫ್ರೆಂಚ್ ಸಂಗೀತಕಾರ ಮೋರಿಸ್ ರವೇಲ್ 1914ರಲ್ಲಿ ಅದನ್ನೇ ಪ್ರತಿಮಾಡಿಕೊಂಡು, ತನ್ನ ‘ಕೂಪ್ರಾಂ ಸ್ಮಾರಕ’ ಪಿಯಾನೊ ಕೃತಿಯ ಫೋರ್ಲಾನ್‌ಗೆ ಮಾದರಿಯಾಗಿಸಿಕೊಂಡ. ಈ ಎರಡು ಫೋರ್ಲಾನ್‌ಗಳನ್ನೂ ಒಂದೇ ಸಂಜೆ ಒಟ್ಟಿಗೆ ಕೇಳಿ, ಯಾವುದು ನಿನ್ನನ್ನು ಹೆಚ್ಚು ಹಿಡಿದಿಟ್ಟಿತೆಂದು ನನಗೆ ಬರೆ.

ನಿನ್ನ ಗೆಳೆಯ