ಆ ಹತ್ತು ಫೋಟೋಗಳು ಮತ್ತು ನನ್ನ ಹುಚ್ಚು

ಲೋ ಗೆಳೆಯಾ,

ಹೋದ ಭಾನುವಾರ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಇಳಿದ ಕೂಡಲೇ ನಾನು ಮತ್ತೆ ರಾಜೀವ್ ಗಾಂಧಿ ಕೊಲೆಯ ಶಿವರಾಸನ್ ಕಥೆ ತೆಗೆದೆ. "ಇವನಿಗೆ ಬೇರೆ ಮಾತೇ ಇಲ್ಲ, ಅಲ್ವಾ?" ಅಂತ ನೀನು ನಿನ್ನ ಹೆಂಡತಿ ಹತ್ತಿರ ಹೇಳಿ ನಕ್ಕೆ. ಅವರು ಮುಖ ಕಿವುಚಿದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಪುರುಸೊತ್ತಾದಾಗ ಓದು.

ಇದು ಶುರುವಾಗಿದ್ದು ನಮ್ಮಜ್ಜಿಯಿಂದ. 1991ರ ಮೇ 22ರ ಬೆಳಗ್ಗೆ. ನನಗೆ ಹತ್ತು ವರ್ಷ, ಬೇಸಿಗೆ ರಜೆ. ಹಿಂದಿನ ರಾತ್ರಿ ಶ್ರೀಪೆರಂಬದೂರಿನ ಚುನಾವಣಾ ಸಭೆಯಲ್ಲಿ ರಾಜೀವ್ ಗಾಂಧಿ ಬಾಂಬಿಗೆ ಬಲಿಯಾದರು ಅಂತ ರೇಡಿಯೋ ಹೇಳುತ್ತಿತ್ತು. ಅಪ್ಪ ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಬಚ್ಚಲಿನಿಂದ ಬಂದು ನಿಂತರು. ಅಜ್ಜಿ ಮೇಲುಕೋಟೆ ಕಡೆಯವರು. "ಶ್ರೀಪೆರಂಬದೂರಾ? ಅದು ರಾಮಾನುಜಾಚಾರ್ಯರು ಹುಟ್ಟಿದ ಊರಲ್ವೇನೋ!" ಅಂದರು. ಅವರಿಗೆ ಸಾವಿಗಿಂತ ಆ ಊರಲ್ಲಿ ಹೀಗಾಯಿತಲ್ಲ ಅನ್ನುವುದೇ ದೊಡ್ಡ ಸಂಕಟ. ನಾನು ಅಟ್ಲಾಸ್ ತೆಗೆದು ಆ ಊರು ಹುಡುಕಿದೆ. ಬೆಂಗಳೂರಿನಿಂದ ಮದ್ರಾಸಿಗೆ ಹೋಗುವ ದಾರಿಯಲ್ಲೇ ಇತ್ತು. ಅಷ್ಟು ಹತ್ತಿರವಾ ಅಂತ ಭಯವಾಯಿತು.

ನಿಜವಾಗಿ ಹತ್ತಿರ ಬಂದಿದ್ದು ಆಗಸ್ಟ್‌ನಲ್ಲಿ. ಕೊಲೆಯ ಸಂಚು ನಡೆಸಿದ, ಶ್ರೀಲಂಕಾದ ತಮಿಳು ಟೈಗರ್ಸ್ (ಎಲ್‌ಟಿಟಿಇ) ಗುಂಪಿನ ಒಕ್ಕಣ್ಣ ಶಿವರಾಸನ್ ಮತ್ತು ಅವನ ಜೊತೆಯವರು ಖಾಲಿ ಟ್ಯಾಂಕರ್ ಲಾರಿಯೊಳಗೆ ಅಡಗಿ ಬೆಂಗಳೂರಿಗೆ ಬಂದಿದ್ದರು. ಕೊನೆಗೆ ಸಿಕ್ಕಿದ್ದು ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ. ಜಯನಗರದ ನಮಗೆ ಆಗ ಕೋಣನಕುಂಟೆ ಅಂದರೆ ಊರಾಚೆ. ಪೊಲೀಸರು ಮನೆ ಸುತ್ತುವರಿದರು, ಕಮಾಂಡೋಗಳು ಬಂದರು, ಕಾದರು. ಆಗಸ್ಟ್ 20ರ ಬೆಳಗಿನ ಜಾವ ಒಳಗೆ ನುಗ್ಗಿದಾಗ ಏಳು ಹೆಣ. ಶಿವರಾಸನ್ ಗುಂಡು ಹೊಡೆದುಕೊಂಡಿದ್ದ, ಉಳಿದವರು ಸಯನೈಡ್ ನುಂಗಿದ್ದರು. ಅವತ್ತು ರಾಜೀವ್ ಹುಟ್ಟಿದ ದಿನ ಬೇರೆ. ನಮ್ಮ ಬೀದಿಯಲ್ಲಿ ಬಾಡಿಗೆಗೆ ಬಂದ ಹೊಸಬರನ್ನೆಲ್ಲ ನಾವು ಹುಡುಗರು ತಿಂಗಳುಗಟ್ಟಲೆ ಕದ್ದು ನೋಡುತ್ತಿದ್ದೆವು. ಪಾಪ, ಒಬ್ಬರು ಬ್ಯಾಂಕಿನಲ್ಲಿ ಕ್ಯಾಷಿಯರ್.

ಆಮೇಲೆ ಮರೆತೇಬಿಟ್ಟಿದ್ದೆ. ಪಿಯುಸಿಯಲ್ಲಿ ನಾವು ಮುತ್ತತ್ತಿಗೆ ಹೋಗಿದ್ದು ನೆನಪಿದೆಯಾ? ನೀನು ಹೊಳೆಯಲ್ಲಿ ಚಪ್ಪಲಿ ಕಳೆದುಕೊಂಡೆಯಲ್ಲ, ಆ ಟ್ರಿಪ್. ಗುಡಿ ಹತ್ತಿರ ಎಳನೀರು ಮಾರುವವನು ಹೇಳಿದ, ಪೊಲೀಸರು ಬಂದಾಗ ಟೈಗರ್ ಹುಡುಗರು ವಿಷ ನುಂಗಿದ್ದು ಇಲ್ಲೇ ಅಂತ. ಕೋಣನಕುಂಟೆಗಿಂತ ಒಂದೆರಡು ದಿನ ಮೊದಲು. ನೀವೆಲ್ಲ ನೀರಿಗಿಳಿದಿರಿ. ನಾನು ಅವನ ಹತ್ತಿರವೇ ನಿಂತೆ. ಹುಚ್ಚು ಹಿಡಿದಿದ್ದು ಅವತ್ತೇ.

ಮುಂದಿನ ವರ್ಷಗಳಲ್ಲಿ ಸಿಕ್ಕಿದ್ದೆಲ್ಲ ಓದಿದೆ. ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ ಹಳೆಯ ಪೇಪರ್, ಆಮೇಲೆ ಸುಪ್ರೀಂ ಕೋರ್ಟಿನ 1999ರ ತೀರ್ಪು. ಕೆಳಗಿನ ಕೋರ್ಟು 26 ಜನಕ್ಕೂ ಗಲ್ಲು ಅಂದಿತ್ತು, ಇಲ್ಲಿ ಅದು ನಾಲ್ವರಿಗೆ ಇಳಿಯಿತು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕಾನೂನಲ್ಲ, ಒಂದು ಕ್ಯಾಮೆರಾ. ಹರಿಬಾಬು ಅನ್ನುವ ಹುಡುಗನನ್ನು ಕೊಲೆಗಾರರೇ ಫೋಟೋ ತೆಗೆಯಲು ಕರೆದುಕೊಂಡು ಹೋಗಿದ್ದರು. ಸ್ಫೋಟದಲ್ಲಿ ಅವನೂ ಸತ್ತ, ಕ್ಯಾಮೆರಾ ಉಳಿಯಿತು. ಒಳಗೆ ಹತ್ತು ಫೋಟೋ. ಒಂದರಲ್ಲಿ ಮೈಗೆ ಬಾಂಬ್ ಕಟ್ಟಿಕೊಂಡು ಬಂದಿದ್ದ ಧನು ಗಂಧದ ಹಾರ ಹಿಡಿದು ನಿಂತಿದ್ದಾಳೆ. ಬಿಳಿ ಕುರ್ತಾ ಹಾಕಿದ ಶಿವರಾಸನ್ ಪತ್ರಕರ್ತನ ಹಾಗೆ ಇದ್ದಾನೆ. ತಮ್ಮ ಕೆಲಸದ ಗುರುತಿಗೆ ಅಂತ ತೆಗೆಸಿದ ಫೋಟೋಗಳೇ ಅವರನ್ನು ಹಿಡಿಸಿಕೊಟ್ಟವು ನೋಡು.

ಆ ಹಾರ ಪೂಂಪುಹಾರ್‌ನಲ್ಲಿ ಕೊಂಡಿದ್ದು. ನಮ್ಮ ಕಾವೇರಿ ಎಂಪೋರಿಯಂ ಇದ್ದ ಹಾಗೆ ತಮಿಳುನಾಡು ಸರ್ಕಾರದ ಅಂಗಡಿ. ಬಿಲ್ಲು ಹರಿಬಾಬುವಿನ ಮನೆಯಲ್ಲಿ ಸಿಕ್ಕಿತು. ಬಿಲ್ಲು ಕಣೋ! ಮನುಷ್ಯನನ್ನು ಕೊಲ್ಲಲು ಹೊರಟವರ ಹಾರಕ್ಕೂ ಒಬ್ಬ ಗುಮಾಸ್ತ ಬಿಲ್ಲು ಹಾಕಿ, ಚಿಲ್ಲರೆ ಎಣಿಸಿ ಕೊಟ್ಟಿರುತ್ತಾನೆ. ನಾನು ಓದುವುದು ಇಂಥದ್ದಕ್ಕೇ. ಯಾವ ದೇಶದ ಕೈವಾಡ, ಯಾರ ಪಿತೂರಿ ಅಂತ ವಾಟ್ಸಾಪ್‌ನಲ್ಲಿ ಜಗಳ ಆಡುವವರ ಜೊತೆ ನನ್ನನ್ನು ಸೇರಿಸಬೇಡ.

ಒಂದು ವಿಷಯ ಮಾತ್ರ ಚುಚ್ಚುತ್ತದೆ. ಕೋಣನಕುಂಟೆಯಲ್ಲಿ ಸತ್ತ ಏಳು ಜನರ ಹೆಸರು ನನಗೆ ಬಾಯಿಪಾಠ. ಶ್ರೀಪೆರಂಬದೂರಿನಲ್ಲಿ ರಾಜೀವ್ ಜೊತೆ ಸತ್ತ ಪೊಲೀಸರ ಹೆಸರು ಹೇಳು ಅಂದರೆ ತಡವರಿಸುತ್ತೇನೆ. ಧನುವನ್ನು ತಡೆಯಲು ಹೋದ ಸಬ್ ಇನ್‌ಸ್ಪೆಕ್ಟರ್ ಅನಸೂಯಾ ಹೆಸರು ಗೊತ್ತು, ಅವರು ಬದುಕಿ ಉಳಿದರು. ಉಳಿದವರದ್ದು? ನಿನ್ನ ಹೆಂಡತಿ ಮುಖ ಕಿವುಚಿದ್ದು ತಪ್ಪಲ್ಲ ಅಂತ ಅನಿಸಿದ್ದು ಇದಕ್ಕೇ.

ಭಾನುವಾರ ನೀವು ಆಟೋ ಹತ್ತಿದ ಮೇಲೆ ನಾನು ಒಳ ರಸ್ತೆಯಲ್ಲಿ ಸುಮ್ನೆ ಸ್ವಲ್ಪ ದೂರ ನಡೆದೆ. ಟೀ ಅಂಗಡಿಯ ಹುಡುಗನನ್ನು ಕೇಳಿದೆ, ಆ ಮನೆ ಯಾವ ಕಡೆ ಅಂತ. ಅವನಿಗೆ ಗೊತ್ತಿಲ್ಲ, ಶಿವರಾಸನ್ ಯಾರು ಅಂತಲೂ ಗೊತ್ತಿಲ್ಲ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆ ಗಲ್ಲದಲ್ಲೇ ಒಂದು ದಿಕ್ಕು ತೋರಿಸಿದರು. ನಾನು ಇನ್ನೊಂದು ಟೀ ಹೇಳಿದೆ. ಕುಡಿದು ಮೆಟ್ರೋ ಕಡೆಗೆ ತಿರುಗಿದೆ.

ಇಂತಿ ನಿನ್ನ
ತಲೆಹರಟೆ ಗೆಳೆಯ