ಮಗಳಿಗೊಂದು ಪತ್ರ: ಈರುಳ್ಳಿ ಬೇರಿನ ಎರಡು ಮಿಲಿಮೀಟರ್

ಪ್ರೀತಿಯ ಪುಟ್ಟಿ,

ಕೋಶವಿಭಜನೆ ನೋಡಲೆಂದು ನೀನು ಮಾಡಿದ ಈರುಳ್ಳಿ ಬೇರಿನ ಸ್ಲೈಡಿನ ಫೋಟೊ ನೋಡಿದೆ. ಸಾಲಾಗಿ ಉದ್ದುದ್ದ ಕೋಶಗಳು, ಒಂದೊಂದರ ನಡುವೆ ಒಂದೊಂದು ಕೆಂಪು ಚುಕ್ಕೆ, ವಿಭಜನೆಯ ಸುಳಿವೇ ಇಲ್ಲ. "ಈ ಈರುಳ್ಳಿ ಸತ್ತೇಹೋಗಿದೆ ಅಮ್ಮಾ" ಅಂತ ಬರೆದಿದ್ದೀಯ. ಈರುಳ್ಳಿ ಸತ್ತಿಲ್ಲ, ನೀನು ಕತ್ತರಿಸಿದ ಜಾಗ ತಪ್ಪು. ಕೋಶ ಹಾಗೆ ಉದ್ದಕ್ಕೆ ಚಾಚಿಕೊಂಡಿದೆ ಅಂದರೆ ಅದರ ವಿಭಜನೆಯ ಕೆಲಸ ಮುಗಿದು ಬೆಳೆಯುವ ಕೆಲಸ ಶುರುವಾಗಿದೆ. ಬೇರಿನ ತುತ್ತತುದಿಯಲ್ಲಿ ಮಣ್ಣು ತಿಕ್ಕಿದರೂ ತಡೆದುಕೊಳ್ಳುವ ಒಂದು ಸಣ್ಣ ಟೋಪಿ ಇರುತ್ತದೆ. ಅದರ ಬೆನ್ನಿಗೇ ಇರುವ ಒಂದೆರಡು ಮಿಲಿಮೀಟರಿನಷ್ಟೇ ವರ್ಧನ ಅಂಗಾಂಶ, ಅಂದರೆ ಕೋಶಗಳು ವಿಭಜನೆಯಾಗುತ್ತಲೇ ಇರುವ ಜಾಗ. ಅಲ್ಲಿಯ ಕೋಶಗಳು ಚಿಕ್ಕವು, ಚೌಕಾಕಾರದವು, ನ್ಯೂಕ್ಲಿಯಸ್ಸೇ ಮುಕ್ಕಾಲು ಜಾಗ ಹಿಡಿದಿರುತ್ತದೆ. ನೀನು ಐದಾರು ಮಿಲಿಮೀಟರ್ ಕತ್ತರಿಸಿ ಅಷ್ಟನ್ನೂ ಜಜ್ಜಿದ್ದೀಯ. ಬೇಕಾದ ಕೋಶಗಳು ಬೇಡದವುಗಳ ಗುಂಪಿನಲ್ಲಿ ಕಳೆದುಹೋಗಿವೆ.

ಮೊದಲಿಂದ ಶುರು ಮಾಡು. ಹೊಸದಾಗಿ ಕಿತ್ತ ಈರುಳ್ಳಿ ನಿದ್ದೆಯಲ್ಲಿರುತ್ತದೆ, ಬೇಗ ಬೇರು ಬಿಡುವುದಿಲ್ಲ. ಬುಟ್ಟಿಯ ತಳದಲ್ಲಿ ಉಳಿದ ಹಳೆಯದನ್ನು ಆರಿಸು. ಮೊಳಕೆ ಬಾರದಿರಲೆಂದು ವಿಕಿರಣ ಹಾಯಿಸಿದ ಈರುಳ್ಳಿಯಂತೂ ಬೇಡವೇ ಬೇಡ. ವರ್ಧನ ಅಂಗಾಂಶದ ಡಿಎನ್‌ಎಯನ್ನು ಕೆಡಿಸಿ ವಿಭಜನೆ ನಿಲ್ಲಿಸುವುದೇ ಆ ಉಪಚಾರದ ಉದ್ದೇಶ. ಬುಡದ ಒಣಗಿದ ಬೇರುಗಳನ್ನು ಬ್ಲೇಡಿನಿಂದ ಕೆರೆದು ತೆಗೆ, ಬೇರು ಹುಟ್ಟುವ ತಟ್ಟೆಗೆ ಮಾತ್ರ ಗಾಯ ಮಾಡಬೇಡ. ಅಗಲ ಬಾಯಿಯ ಬಾಟಲಿಯ ಮೇಲೆ ಕೂರಿಸಿ ಬುಡವಷ್ಟೇ ನೀರಿಗೆ ತಾಗುವಂತೆ ಇಡು. ಮುಳುಗಿಸಿದರೆ ಗಾಳಿಯಾಡದೆ ಕೊಳೆಯುತ್ತದೆ. ನೀರನ್ನು ದಿನಾ ಬದಲಿಸು. ಮೂರರಿಂದ ಆರು ದಿನದಲ್ಲಿ ಬೇರು ಎರಡು ಸೆಂಟಿಮೀಟರ್ ದಾಟುತ್ತದೆ. ಅದೂ ಆಗಲಿಲ್ಲವೆಂದರೆ ಬೆಳ್ಳುಳ್ಳಿ ಎಸಳು ಇಡು. ಅದಕ್ಕೂ ಈರುಳ್ಳಿಯಂತೆ ವರ್ಣತಂತು (ಡಿಎನ್‌ಎ ಸುತ್ತಿಕೊಂಡ ದಾರ, ಕ್ರೋಮೊಸೋಮ್) 16, ಸ್ಲೈಡೂ ಚೆನ್ನಾಗಿಯೇ ಬರುತ್ತದೆ.

ಬೆಳಿಗ್ಗೆ ಎಂಟೂವರೆಯಿಂದ ಹತ್ತರೊಳಗೆ ಕತ್ತರಿಸಬೇಕು ಅಂತ ನಿಮ್ಮ ಲ್ಯಾಬಿನಲ್ಲಿ ಹೇಳಿರುತ್ತಾರೆ. ಹಾಗೇ ಮಾಡು, ಆದರೆ ಅದನ್ನೇ ಮುಹೂರ್ತ ಅಂದುಕೊಳ್ಳಬೇಡ. ನನ್ನ ಪ್ರಕಾರ ಗಡಿಯಾರಕ್ಕಿಂತ ಬೇರಿನ ವಯಸ್ಸು ಮುಖ್ಯ. ಬಿಳಿಯಾಗಿ, ಬಿರುಸಾಗಿ, ತುದಿ ಸ್ವಲ್ಪ ಮಬ್ಬಾಗಿ ಕಾಣುವ ಎಳೆ ಬೇರು ಬೇಕು. ತುದಿ ಕಂದುಬಣ್ಣಕ್ಕೆ ತಿರುಗಿದ್ದರೆ ಎಷ್ಟು ಗಂಟೆಗೆ ಕತ್ತರಿಸಿದರೂ ಅಷ್ಟೇ.

ಕತ್ತರಿಸಿದ ಕೂಡಲೇ ಕೋಶವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಬೇಕು. ಮೂರು ಪಾಲು ಎಥನಾಲಿಗೆ ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ, ಆಗಷ್ಟೇ ಬೆರೆಸಿದ್ದು. ನಿನ್ನೆ ಮೊನ್ನೆ ಬೆರೆಸಿಟ್ಟದ್ದು ಬೇಡ. ಇಟ್ಟಲ್ಲೇ ಆಮ್ಲವೂ ಆಲ್ಕೊಹಾಲೂ ಕೂಡಿ ಎಸ್ಟರ್ ಆಗುತ್ತಾ ಹೋಗುತ್ತದೆ, ಬಿಗಿ ತಪ್ಪುತ್ತದೆ. ಅದರಲ್ಲಿ 24 ಗಂಟೆ ಇಟ್ಟು, ಆಮೇಲೆ ಶೇ. 70ರ ಆಲ್ಕೊಹಾಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ವಾರಗಟ್ಟಲೆ ಬಳಸಬಹುದು. ಬೇರು ಇಪ್ಪತ್ತಿದ್ದರೆ ದ್ರಾವಣ ಧಾರಾಳವಾಗಿರಲಿ, ಜಿಪುಣತನ ಬೇಡ.

ಹೆಚ್ಚಿನವರ ಸ್ಲೈಡ್ ಕೆಡುವುದು ಇದರ ಮುಂದಿನ ಹಂತದಲ್ಲಿ. ಸಸ್ಯಕೋಶಗಳು ಪೆಕ್ಟಿನ್ ಎಂಬ ಅಂಟಿನಿಂದ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆ ಅಂಟು ಸಡಿಲವಾಗದಿದ್ದರೆ ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಕೋಶಗಳು ಹರಡದೆ ಗುಡ್ಡೆಯಾಗಿಯೇ ಉಳಿಯುತ್ತವೆ. ಅದಕ್ಕೇ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, 60 ಡಿಗ್ರಿ ಸೆಲ್ಸಿಯಸ್, ಎಂಟರಿಂದ ಹತ್ತು ನಿಮಿಷ. ದ್ರಾವಣ ಮಾಡಲು 90 ಮಿಲಿಲೀಟರಿನಷ್ಟು ನೀರಿಗೆ ಗಾಢ ಆಮ್ಲ ಸುಮಾರು 8.3 ಮಿಲಿಲೀಟರ್ ಹಾಕಿ, ಮತ್ತೆ ನೀರು ಸೇರಿಸಿ 100ಕ್ಕೆ ತರಬೇಕು. ನೀರಿಗೆ ಆಮ್ಲ ಸುರಿ, ಆಮ್ಲಕ್ಕೆ ನೀರಲ್ಲ. ಇದನ್ನೆಲ್ಲ ಲ್ಯಾಬಿನಲ್ಲೇ ಮಾಡು, ಹಾಸ್ಟೆಲ್ ರೂಮಿನಲ್ಲಿ ಅಲ್ಲ. ಹೊತ್ತು ಕಡಿಮೆಯಾದರೆ ಗುಡ್ಡೆ. ಹೆಚ್ಚಾದರೆ ಬೇರು ಬೆಂದ ಗೆಣಸಿನಂತಾಗಿ ಡಿಎನ್‌ಎಯೂ ಕೆಟ್ಟು ಬಣ್ಣ ಹಿಡಿಯುವುದಿಲ್ಲ. ಹೊರತೆಗೆದು ಎರಡು ಸಲ ನೀರಿನಲ್ಲಿ ತೊಳೆ.

ಇಷ್ಟಾದ ಮೇಲೆ ಸ್ಲೈಡಿನ ಮೇಲಿಟ್ಟು ತುದಿಯ ಎರಡು ಮಿಲಿಮೀಟರ್ ಉಳಿಸಿಕೊಂಡು ಉಳಿದದ್ದನ್ನು ನಿರ್ದಯವಾಗಿ ಎಸೆದುಬಿಡು. ಅಸಿಟೋಕಾರ್ಮೈನ್ ಒಂದೆರಡು ಹನಿ, ಐದರಿಂದ ಹತ್ತು ನಿಮಿಷ. ಆ ಹನಿಯಲ್ಲಿ ಹಳೆಯ ಕಬ್ಬಿಣದ ಸೂಜಿ ಆಡಿಸುವವರನ್ನು ನೋಡಿ ನಗಬೇಡ. ಕಾರ್ಮೈನ್ ವರ್ಣತಂತುವಿಗೆ ಗಟ್ಟಿಯಾಗಿ ಹತ್ತಲು ಚೂರು ಕಬ್ಬಿಣ ಬೇಕು. ಹೆಚ್ಚಾದರೆ ಮಾತ್ರ ಎಲ್ಲವೂ ಕಪ್ಪು. ಸ್ಪಿರಿಟ್ ಲ್ಯಾಂಪಿನ ಮೇಲೆ ಎರಡು ಮೂರು ಸಲ ಆಡಿಸಿ ಬೆಚ್ಚಗೆ ಮಾಡು. ಮುಂಗೈಗೆ ತಾಗಿಸಿದರೆ ಸಹಿಸುವಷ್ಟು ಬಿಸಿ ಸಾಕು, ಕುದಿಸಿದರೆ ಬಣ್ಣದ ಹರಳುಗಳು ಕೂತುಬಿಡುತ್ತವೆ. ಕವರ್ ಸ್ಲಿಪ್ ಇಟ್ಟು ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟು, ತುಣುಕು ಮೋಡದಂತೆ ಹರಡುವುದು ಕಣ್ಣಿಗೇ ಕಾಣುತ್ತದೆ. ಬ್ಲಾಟಿಂಗ್ ಪೇಪರ್ ಮಡಿಚಿ ಅದರ ನಡುವೆ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತು. ಪಕ್ಕಕ್ಕೆ ಕೂದಲೆಳೆಯಷ್ಟು ಜಾರಿದರೂ ಕೋಶಗಳು ಚಾಪೆ ಸುತ್ತಿದ ಹಾಗೆ ಉರುಳಿಕೊಳ್ಳುತ್ತವೆ.

ಈಗ ನಿನ್ನ ಎರಡನೇ ತಕರಾರು. ಮೆಟಾಫೇಸಿನಲ್ಲಿ, ಅಂದರೆ ವರ್ಣತಂತುಗಳು ಕೋಶದ ನಡುವೆ ಸಾಲಾಗಿ ನಿಲ್ಲುವ ಹಂತದಲ್ಲಿ, 32 ವರ್ಣತಂತು ಅಂತ ಬರೆದೆ, ಅಂಕ ಕಳೆದರು, "ಡಿಎನ್‌ಎ ಎರಡರಷ್ಟಾಗಿರುತ್ತದೆ ಅಂದಮೇಲೆ ವರ್ಣತಂತುವೂ ಎರಡರಷ್ಟು ತಾನೆ?" ಅಂತ ನಿನ್ನ ವಾದ. ಅಂಕ ಕಳೆದದ್ದು ಸರಿ. ಆದರೆ ಪ್ರಶ್ನೆ ಒಳ್ಳೆಯದು, ಕೋಶವಿಭಜನೆಯ ಗುಟ್ಟೆಲ್ಲ ಅಲ್ಲೇ ಇದೆ.

ವಿಭಜನೆ ಎಂಬ ಮಾತೇ ದಾರಿ ತಪ್ಪಿಸುತ್ತದೆ. ಆಸ್ತಿ ಪಾಲು ಮಾಡಿದ ಹಾಗೆ ಇದ್ದದ್ದನ್ನು ಅರ್ಧರ್ಧ ಹಂಚುವುದಲ್ಲ ಅದು. ಮೊದಲು ಪೂರ್ತಿ ನಕಲು, ಆಮೇಲೆ ಹಂಚಿಕೆ. ಈರುಳ್ಳಿಯ ಒಂದು ಜೊತೆ (ಒಂದು ಸೆಟ್) ವರ್ಣತಂತುಗಳಲ್ಲಿ, ಅಂದರೆ 8ರಲ್ಲಿ, ಸುಮಾರು 1,600 ಕೋಟಿ ಡಿಎನ್‌ಎ ಅಕ್ಷರಗಳಿವೆ. ನಮ್ಮದರ ಐದು ಪಟ್ಟು! (ಅದಕ್ಕೆ ನಮಗಿಂತ ಐದು ಪಟ್ಟು ಬುದ್ಧಿ ಇದೆ ಅಂತಲ್ಲ, ಅದರಲ್ಲಿ ಬಹುಪಾಲು ಹೇಳಿದ್ದನ್ನೇ ಹೇಳುವ ಪುನರಾವರ್ತನೆ.) ಎರಡು ಜೊತೆ ಸೇರಿದರೆ, ಬಿಡಿಸಿಟ್ಟ ದಾರದ ಉದ್ದ ಸುಮಾರು 11 ಮೀಟರ್. ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ಅಗಲದ ಕೋಶದೊಳಗೆ ಇಂಟರ್‌ಫೇಸಿನ, ಅಂದರೆ ಎರಡು ವಿಭಜನೆಗಳ ನಡುವಿನ ಅವಧಿಯ, ನಡುಭಾಗದಲ್ಲಿ, ಎಸ್ ಹಂತ ಅನ್ನುತ್ತೀರಲ್ಲ ಅಲ್ಲಿ, ಇದಿಷ್ಟೂ ಒಮ್ಮೆ, ಒಮ್ಮೆ ಮಾತ್ರ, ನಕಲಾಗಬೇಕು. ನೀನು ಬೇಸರದಿಂದ ನೋಡಿದ ಆ "ಬರೀ ಕೆಂಪು ಚುಕ್ಕೆ" ಇದೆಯಲ್ಲ, ನಕಲಿನ ಕೆಲಸವೆಲ್ಲ ನಡೆಯುವುದು ಅಂಥ ಚುಕ್ಕೆಯೊಳಗೇ, ಅಂದರೆ ನ್ಯೂಕ್ಲಿಯಸ್ಸಿನೊಳಗೇ.

ನಕಲಾದ ಎರಡು ಪ್ರತಿಗಳು ಕೂಡಲೇ ಬೇರೆಯಾಗುವುದಿಲ್ಲ. ಕೊಹೆಸಿನ್ ಎಂಬ ಪ್ರೋಟೀನಿನ ಬಳೆಗಳು ಅವನ್ನು ಜೋಡಿಯಾಗಿ ಹಿಡಿದಿರುತ್ತವೆ. ಒಂದೊಂದು ಪ್ರತಿಗೂ ಕ್ರೊಮ್ಯಾಟಿಡ್ ಅಂತ ಹೆಸರು. ಒಂದೇ ತೊಟ್ಟಿನಲ್ಲಿ ಅಂಟಿಕೊಂಡ ಜೋಡಿ ಬಾಳೆಹಣ್ಣನ್ನು ಅಂಗಡಿಯವನು ಒಂದು ಅಂತ ಎಣಿಸಿಕೊಡುತ್ತಾನಲ್ಲ, ಇಲ್ಲಿಯೂ ಅದೇ ಲೆಕ್ಕ: ತೊಟ್ಟು ಎಣಿಸು, ಅಂದರೆ ಸೆಂಟ್ರೊಮಿಯರ್. ನಕಲಿಗೆ ಮುಂಚೆ ವರ್ಣತಂತು 16, ಕ್ರೊಮ್ಯಾಟಿಡ್ 16. ನಕಲಾದ ಮೇಲೆ ಡಿಎನ್‌ಎ ಎರಡರಷ್ಟು, ಕ್ರೊಮ್ಯಾಟಿಡ್ 32, ವರ್ಣತಂತು ಮಾತ್ರ 16ಕ್ಕೇ ನಿಂತಿರುತ್ತದೆ. ಮೆಟಾಫೇಸಿನಲ್ಲೂ 16. ಅನಾಫೇಸಿನಲ್ಲಿ, ಅಂದರೆ ಪ್ರತಿಗಳು ಬೇರೆಯಾಗುವ ಹಂತದಲ್ಲಿ, ಬಳೆಗಳು ಕತ್ತರಿಸಿದ ಕ್ಷಣಕ್ಕೆ ಅದೇ ಕೋಶದಲ್ಲಿ 32, ಒಂದೊಂದು ತುದಿಗೆ 16. ನೀನು ಬರೆದ 32 ಒಂದೇ ಒಂದು ಹೆಜ್ಜೆ ಮುಂಚೆ ಬಂದುಬಿಟ್ಟಿತು.

ಬಳೆ ಕತ್ತರಿಸುವುದು ಯಾವಾಗ ಎನ್ನುವುದೇ ಇದರಲ್ಲಿ ನನಗೆ ಅತಿ ಸೊಗಸಾಗಿ ಕಾಣುವ ಭಾಗ. ಒಂದೊಂದು ಸೆಂಟ್ರೊಮಿಯರಿನ ಎರಡೂ ಪಕ್ಕದಲ್ಲಿ ಕೈನೆಟೊಕೋರ್ ಎಂಬ ಹಿಡಿಕೆ ಇರುತ್ತದೆ. ಕೋಶದ ಎರಡು ತುದಿಗಳಿಂದ, ಅಂದರೆ ಧ್ರುವಗಳಿಂದ, ವರ್ಣತಂತುಗಳನ್ನು ಎಳೆಯುವ ಎಳೆಗಳು ಬರುತ್ತವೆ. ಒಂದು ಪಕ್ಕದ ಹಿಡಿಕೆಗೆ ಒಂದು ಧ್ರುವದ ಎಳೆ, ಇನ್ನೊಂದಕ್ಕೆ ಎದುರು ಧ್ರುವದ ಎಳೆ ಸಿಕ್ಕಬೇಕು. ಎರಡೂ ಕಡೆಯಿಂದ ಎಳೆದಾಗ ಹಗ್ಗ ಬಿಗಿಯಾಗುತ್ತದೆ, ಆ ಬಿಗಿಯೇ ಸರಿಯಾಗಿ ಸಿಕ್ಕಿದೆ ಎಂಬುದರ ಗುರುತು. ಹದಿನಾರರಲ್ಲಿ ಒಂದೇ ಒಂದರ ಹಿಡಿಕೆ ಖಾಲಿಯಿದ್ದರೂ ಅದು "ನಿಲ್ಲಿ" ಎಂಬ ಸಂಕೇತ ಕೊಡುತ್ತಲೇ ಇರುತ್ತದೆ, ಕೋಶವಿಡೀ ಕಾಯುತ್ತದೆ. ಕೊನೆಯದೂ ಸಿಕ್ಕಿದ ಮೇಲೆಯೇ ಸೆಪರೇಸ್ ಎಂಬ ಕಿಣ್ವ ಬಿಡುಗಡೆಯಾಗಿ ಬಳೆಗಳನ್ನೆಲ್ಲ ಒಟ್ಟಿಗೇ ತುಂಡರಿಸುತ್ತದೆ. ಆದ್ದರಿಂದಲೇ ಅನಾಫೇಸ್ ಕ್ಷಣಿಕ, ನಿನ್ನ ಸ್ಲೈಡಿನಲ್ಲಿ ಸಿಗುವುದೂ ಅಪರೂಪ. ಸಿಕ್ಕರೆ ನೋಡು: ವರ್ಣತಂತುಗಳು ಮಡಿಚಿದ ವಿ ಆಕಾರದಲ್ಲಿ ಸೆಂಟ್ರೊಮಿಯರ್ ಮುಂದೆ, ತೋಳುಗಳು ಹಿಂದೆ ಎಳೆದುಕೊಂಡು ಹೋಗುತ್ತಿರುತ್ತವೆ.

ಈ ಕಾಯುವಿಕೆಯನ್ನು ನೀನೇ ಕಣ್ಣಾರೆ ಕಾಣಬಹುದು. ಕಾಲ್ಚಿಸಿನ್ ಎಂಬ ವಸ್ತು ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಎಳೆಯಿಲ್ಲ, ಹಿಡಿಕೆ ಖಾಲಿ, ಕೋಶಗಳೆಲ್ಲ ಮೆಟಾಫೇಸಿನಲ್ಲಿ ಬಂದು ನಿಂತುಬಿಡುತ್ತವೆ. ಮಲೆನಾಡಿನ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ, ಅದೇ ಗೌರಿ ಹೂವಿನ, ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ. ಕಡುವಿಷ, ಕೈಗವಸಿಲ್ಲದೆ ಮುಟ್ಟಬೇಡ, ಮೇಡಂ ಇಲ್ಲದಾಗ ಬಾಟಲಿ ತೆಗೆಯಬೇಡ. ಬೇರು ಇನ್ನೂ ಜೀವಂತ ಇರುವಾಗಲೇ ಶೇ. 0.05ರ ದ್ರಾವಣದಲ್ಲಿ ಮೂರು ನಾಲ್ಕು ಗಂಟೆ ಇಟ್ಟು ಆಮೇಲೆ ಆಲ್ಕೊಹಾಲ್-ಆಮ್ಲಕ್ಕೆ ಹಾಕಬೇಕು. ವರ್ಣತಂತುಗಳು ಗಿಡ್ಡವಾಗಿ, ಬಿಡಿಬಿಡಿಯಾಗಿ ಹರಡಿರುತ್ತವೆ. ಎಣಿಸಲು ಅದೇ ಸರಿಯಾದ ಸ್ಲೈಡ್. ಮಾಮೂಲಿ ಸ್ಲೈಡಿನಲ್ಲಿ ಮೆಟಾಫೇಸನ್ನು ಪಕ್ಕದಿಂದ ನೋಡಿದರೆ ಅಡ್ಡಗೆರೆ, ಧ್ರುವದ ಕಡೆಯಿಂದ ನೋಡಿದರೆ ಹೂವಿನಂಥ ಸುತ್ತು. ಈ ಎರಡನೆಯದನ್ನು ಹುಡುಗರು ಪ್ರೊಫೇಸ್, ಅಂದರೆ ವಿಭಜನೆಯ ಮೊದಲ ಹಂತ, ಅಂತ ಬರೆದುಬಿಡುತ್ತಾರೆ. ಪ್ರೊಫೇಸಿನಲ್ಲಿ ನೂಲುಂಡೆಯ ನಡುವೆ ನ್ಯೂಕ್ಲಿಯೊಲಸ್ (ನ್ಯೂಕ್ಲಿಯಸ್ಸಿನೊಳಗಿನ ದುಂಡು ಚುಕ್ಕೆ) ಇನ್ನೂ ಉಳಿದಿರುತ್ತದೆ, ಅದನ್ನು ಹುಡುಕು.

ಎಣಿಕೆ 15 ಬಂತು, 17 ಬಂತು ಅಂತ ಅಳಬೇಡ. ಮನುಷ್ಯರ ವರ್ಣತಂತು 48 ಅಂತ 1923ರಲ್ಲಿ ಪೇಂಟರ್ ಎಂಬ ವಿಜ್ಞಾನಿ ಹೇಳಿದ್ದನ್ನು ಜಗತ್ತು 33 ವರ್ಷ ನಂಬಿತ್ತು. ಒಂದರ ಮೇಲೊಂದು ಬಿದ್ದ ವರ್ಣತಂತುಗಳನ್ನು ಎಣಿಸುವುದು ಅಷ್ಟು ಕಷ್ಟ. ಕಾಲ್ಚಿಸಿನ್ ಕೊಟ್ಟು, ತೆಳು ಉಪ್ಪುದ್ರಾವಣದಲ್ಲಿ ಕೋಶ ಉಬ್ಬಿಸಿ, ಚೆನ್ನಾಗಿ ಹರಡಿ 46 ಅಂತ ತೋರಿಸಿದ್ದು 1956ರಲ್ಲಿ, ಟ್ಜಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳು. ಆ ಲೆವಾನ್ 1938ರಲ್ಲೇ ಕಾಲ್ಚಿಸಿನ್ ಪರಿಣಾಮ ಬರೆದದ್ದು ಯಾವುದರ ಮೇಲೆ ಗೊತ್ತೇ? ಈರುಳ್ಳಿ ಬೇರಿನ ಮೇಲೆ.

ಪರೀಕ್ಷೆಗೆ ಬಾಳೆಹಣ್ಣಿನಲ್ಲಿ ಬೀಜ ಏಕಿಲ್ಲ ಎಂಬ ಪ್ರಶ್ನೆ ಬರಬಹುದು ಅಂದಿದ್ದೆಯಲ್ಲ, ಅದನ್ನೂ ಇಲ್ಲೇ ಸೇರಿಸಿಬಿಡುತ್ತೇನೆ. ಇಲ್ಲಿಯವರೆಗೆ ಹೇಳಿದ ಮಾಮೂಲಿ ವಿಭಜನೆಗೆ, ಅಂದರೆ ಮೈಟಾಸಿಸಿಗೆ, ಬೇಕಾದದ್ದು ಒಂದೊಂದು ವರ್ಣತಂತುವಿಗೆ ಅದರ ನಕಲು ಮಾತ್ರ. ಪರಾಗ, ಅಂಡಗಳನ್ನು ಹುಟ್ಟಿಸುವ ವಿಭಜನೆಯಾದ ಮಿಯಾಸಿಸಿಗೆ ಹಾಗಲ್ಲ, ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಹುಡುಕಿಕೊಂಡು ಜೋಡಿಯಾಗಬೇಕು. ಪಚ್ಚಬಾಳೆಯಲ್ಲಿ 11 ಬಗೆ, ಬಗೆಗೆ ಮೂರರಂತೆ 33. ಒಂದೊಂದು ತ್ರಿವಳಿಯೂ ಎರಡು ಅತ್ತ, ಒಂದು ಇತ್ತ ಅಂತ ಮನಬಂದಂತೆ ಒಡೆಯುತ್ತದೆ ಅಂದುಕೋ. ಹನ್ನೊಂದೂ ಒಂದೇ ರೀತಿ ಒಡೆದು ಲೆಕ್ಕ ಸರಿಹೋಗುವ ಸಾಧ್ಯತೆ 1,024ಕ್ಕೆ ಒಂದು. ಉಳಿದದ್ದೆಲ್ಲ ಹೆಚ್ಚುಕಮ್ಮಿಯಾದ ಪರಾಗ, ಅಂಡ, ಬೀಜ ಕಟ್ಟುವುದಿಲ್ಲ. ಫಲವಾಗದೆಯೇ ಹಣ್ಣು ಉಬ್ಬುವ ಗುಣ ಬಾಳೆಗೆ ಬೇರೆಯೇ ಇದೆ, ಹಾಗಾಗಿ ಎರಡೇ ಜೊತೆ ಇರುವ ಏಲಕ್ಕಿ ಬಾಳೆಯೂ ಬೀಜವಿಲ್ಲದ್ದೇ. ಉತ್ತರದಲ್ಲಿ ಈ ಎರಡನ್ನೂ ಬೆರೆಸಬೇಡ.

ಬೀಜವಿಲ್ಲದ ಮೇಲೆ ಕಂದು ಕಿತ್ತು ನೆಡಬೇಕು. ಕಂದು ಅಂದರೆ ಬರೀ ಮೈಟಾಸಿಸ್, ತಾಯಿಯ ಪ್ರತಿಯೇ. ತೋಟದ ಗಿಡಗಳೆಲ್ಲ ಒಂದೇ ಪ್ರತಿ ಆದಾಗ ರುಚಿ ಒಂದೇ, ರೋಗಕ್ಕೆ ಬಾಗುವ ಗುಣವೂ ಒಂದೇ. ಮೂರು ಜೊತೆಯ ನಂಜನಗೂಡು ರಸಬಾಳೆಯನ್ನು ಪನಾಮಾ ಸೊರಗು ರೋಗ ಹಿಡಿದಾಗ ತಪ್ಪಿಸಿಕೊಳ್ಳಲು ಬೇರೆ ಗುಣದ ಒಂದು ಗಿಡವೂ ಇರಲಿಲ್ಲ.

ಮುಂದಿನ ಸ್ಲೈಡಿನಲ್ಲಿ ಹತ್ತು ಕ್ಷೇತ್ರ ಆರಿಸಿ ಕನಿಷ್ಠ 500 ಕೋಶ ಎಣಿಸು. ಅದರಲ್ಲಿ 40 ವಿಭಜನೆಯಲ್ಲಿದ್ದರೆ ಮೈಟಾಟಿಕ್ ಸೂಚ್ಯಂಕ ಶೇ. 8. ಸೊನ್ನೆ ಬಂದರೆ ಕೋಶದ ಆಕಾರ ನೋಡು: ಉದ್ದವಿದ್ದರೆ ಕತ್ತರಿಸಿದ ಜಾಗ ತಪ್ಪು, ಚೌಕವಿದ್ದರೆ ಬೇರು ತಪ್ಪು. ಕವರ್ ಸ್ಲಿಪ್ಪಿನ ಅಂಚಿಗೆ ನೇಲ್ ಪಾಲಿಶ್ ಬಳಿದರೆ ಕೆಲವು ದಿನ ಒಣಗದೆ ಉಳಿಯುತ್ತದೆ. 40ರ ಮಸೂರದಲ್ಲಿ ಫೋಟೊ ತೆಗೆದು ಕಳಿಸು, ಡಯಾಫ್ರಮ್ ಸ್ವಲ್ಪ ಮುಚ್ಚಿ ತೆಗೆ. ಹೋದ ಸಲದ್ದು ಬೆಳಕು ಹೆಚ್ಚಾಗಿ ಮಾಸಿತ್ತು.

ನಿನ್ನ
ಅಮ್ಮ