ಪೊಟರೆ ಇರುವ ಮರ ಕಡಿಯಬೇಡಿ

ಮಾನ್ಯ ಸಂಪಾದಕರೇ,

ಮಳೆ ಶುರುವಾದ್ರೆ ಸಾಕು, ನಮ್ಮ ಮುಳ್ಳೇರಿಯ ಬದಿಯಡ್ಕ ಕಡೆ ಎಲ್ಲ ಗಿಡ ನೆಡುವ ಪ್ರೋಗ್ರಾಂ, ಬ್ಯಾನರ್, ಫೋಟೋ. ನೆಡ್ಲಿ, ಬೇಡ ಅನ್ನುದಿಲ್ಲ. ಆದ್ರೆ ಅದೇ ಊರಲ್ಲಿ ನಾಗಬನ ಜೀರ್ಣೋದ್ಧಾರ ಅಂತ ಹೇಳಿ ಅಜ್ಜನ ಕಾಲದ ಮರವನ್ನು, ಟೊಳ್ಳಾಗಿದೆ ಬಿದ್ರೆ ಡೇಂಜರ್ ಅಂತ ಕಡ್ದು ಹಾಕಿ ಸುತ್ತ ಇಂಟರ್‌ಲಾಕ್ ಹಾಕ್ತಾರಲ್ಲ, ಅದರ ಬಗ್ಗೆ ಯಾರೂ ಎಂತ ಮಾತಾಡುದಿಲ್ಲ?

ಆ ಟೊಳ್ಳೇ ಮಂಗಟ್ಟೆ ಹಕ್ಕಿಗೆ, ಅಂದ್ರೆ ಹಾರ್ನ್‌ಬಿಲ್‌ಗೆ, ಬೇಕಾದ್ದು. ಕೊಕ್ಕು ಅಷ್ಟು ದೊಡ್ಡದಿದ್ರೂ ಮರಕುಟಿಗನ ಹಾಗೆ ಕೊರೆಯಲಿಕ್ಕೆ ಅದಕ್ಕೆ ಆಗುದಿಲ್ಲ, ತನ್ನಷ್ಟಕ್ಕೇ ಆದ ಪೊಟರೆ ಹುಡುಕ್ಬೇಕು. ಹೆಣ್ಣು ಮೊಟ್ಟೆ ಇಡ್ಲಿಕ್ಕೆ ಒಳಗೆ ಹೋಗಿ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಗಿಲು ಮುಚ್ಚಿಕೊಳ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಬೂದು ಮಂಗಟ್ಟೆ ಹೀಗೆ ಹೆಚ್ಚುಕಡಿಮೆ 3 ತಿಂಗಳು ಒಳಗೇ. ಅಷ್ಟು ದಿನ ಗಂಡಿನದ್ದೇ ಸಪ್ಲೈ, ಗಂಟಲಲ್ಲಿ ಹಣ್ಣು ತುಂಬಿಸಿಕೊಂಡು ಬಂದು ಒಂದೊಂದೇ ಕಕ್ಕಿ ಸೀಳಿನಲ್ಲಿ ಕೊಡ್ತದೆ.

ಈಗ ಮರದ ಕಡೆಯಿಂದ ನೋಡಿ. ಕಾಡು ಜಾಯಿಕಾಯಿ ಜಾತಿಯ ರಾಂಪತ್ರೆ ಕಾಯಿ ಒಡೆದಾಗ ಬೀಜಕ್ಕೆ ಕೆಂಪು ಪತ್ರೆ ಸುತ್ತಿಕೊಂಡಿರ್ತದಲ್ಲ, ನಾವು ಒಣಗಿಸಿ ಮಾರುದು ಅದನ್ನೇ, ಆ ಬೀಜ ಪಿಕಳಾರದಂಥ ಸಣ್ಣ ಹಕ್ಕಿಯ ಬಾಯಿಗೆ ಹಿಡಿಯುದಿಲ್ಲ. ಮಂಗಟ್ಟೆ ಇಡೀ ನುಂಗಿ, ಪತ್ರೆ ಕರಗಿದ ಮೇಲೆ ಬೀಜವನ್ನು ಎಲ್ಲೋ ದೂರ ಕಕ್ಕಿ ಹಾಕ್ತದೆ. ತಾಯಿಮರದ ಬುಡದಲ್ಲೇ ರಾಶಿ ಬಿದ್ದದ್ದು ಹೆಚ್ಚಿನದ್ದೂ ಹುಳ, ಇಲಿ, ಬೂಸ್ಟಿನ ಪಾಲು. ಉಷ್ಣವಲಯದ ಮಳೆಕಾಡಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಜಾತಿಯ ಮರಗಳು ಬೀಜ ಸಾಗಿಸ್ಲಿಕ್ಕೆ ಹಕ್ಕಿ ಪ್ರಾಣಿಗಳನ್ನೇ ನಂಬಿಕೊಂಡಿವೆ. ಗೋಳಿ, ಅತ್ತಿ ಮರಗಳಂತೂ ಒಂದೊಂದು ಒಂದೊಂದು ತಿಂಗಳಲ್ಲಿ ಹಣ್ಣಾಗ್ತವೆ, ಬೇರೆ ಹಣ್ಣು ಸಿಗದ ಟೈಮಲ್ಲಿ ಮಂಗಟ್ಟೆ, ಕುಟ್ರು ಎಲ್ಲ ಅದರ ಮೇಲೆಯೇ. ರಬ್ಬರ್ ತೋಟದಲ್ಲಿ ಅವಕ್ಕೆ ಎಂತ ಉಂಟು? ದೊಡ್ಡ ಮಂಗಟ್ಟೆ, ಅಂದ್ರೆ ವೇಳಾಂಬಲ್, ಕೇರಳದ ರಾಜ್ಯಪಕ್ಷಿ ಅಂತ ಶಾಲೆಲಿ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೇವೆ ಬೇರೆ!

ಬನದ ಕಮಿಟಿಯವರಲ್ಲಿ, ಪಂಚಾಯತಿನವರಲ್ಲಿ ನನ್ನದೊಂದು ರಿಕ್ವೆಸ್ಟ್. ಪೊಟರೆ ಇದ್ದ ಮರಕ್ಕೆ ಗರಗಸ ಇಡುವ ಮೊದಲು, ಅದೂ ಜನವರಿಯಿಂದ ಮೇ ಒಳಗೆ ಆದ್ರೆ, ಬೆಳಿಗ್ಗೆ ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಿ. ಬುಡದಲ್ಲಿ ತರತರದ ಬೀಜ, ಹಿಕ್ಕೆ ಬಿದ್ದಿದ್ರೆ ಒಳಗೆ ಬಾಣಂತಿ ಇರ್ಬಹುದು ಮಾರಾಯ್ರೆ. ಡೇಂಜರ್ ಇರುವ ಕೊಂಬೆ ಇದ್ರೆ ಮಳೆಗೆ ಮೊದಲು, ಮರಿ ಹಾರಿ ಹೋದ ಮೇಲೆ, ಅದೊಂದನ್ನು ತೆಗೆಸಿದ್ರೆ ಸಾಕು. ಮತ್ತೆ ಗಿಡ ಹಂಚುವವರು ಮಹಾಗನಿ ಬದಲು ಅತ್ತಿ, ರಾಂಪತ್ರೆ ಸಸಿ ಕೊಡ್ಲಿ.

– ಓರ್ವ ಅಡಿಕೆ ಕೃಷಿಕ, ಮುಳ್ಳೇರಿಯ, ಕಾಸರಗೋಡು